ಎಪ್ಪತ್ತು ಡಾಲರ್ ವಾಪಸ್ ಬರುತ್ತೆ ಅಂತ ಟೈರ್ ತಗೋಬೇಡಿ

ಅಕ್ಕ ಅಂತ ಕರೆದು ಕೇಳಿದ್ದೀರಿ, ಅದಕ್ಕೆ ಸುತ್ತಿ ಬಳಸದೆ ಹೇಳುತ್ತೇನೆ. ನೀವು ಶಿವಮೊಗ್ಗದಿಂದ ಅಮೆರಿಕದ ಕೊಲಂಬಸ್‌ಗೆ ಬಂದು ಎರಡು ತಿಂಗಳಾಗಿದೆ. ಹಳೇ ಕಾರು ತಗೊಂಡಿದ್ದೀರಿ, ಹಿಮ ಬೀಳೋ ಮುಂಚೆ ನಾಲ್ಕು ಟೈರ್ ಹಾಕಿಸಬೇಕು. ಒಂದು ಅಂಗಡಿಯವರು 612 ಡಾಲರ್ ಹೇಳಿ, ಫಾರಂ ಕಳಿಸಿದರೆ ಟೈರ್ ಕಂಪನಿಯಿಂದ 70 ಡಾಲರ್ ವಾಪಸ್ ಬರುತ್ತೆ, ಅಲ್ಲಿಗೆ 542ಕ್ಕೇ ಬಿತ್ತಲ್ಲ ಅಂದಿದ್ದಾರೆ. ಇನ್ನೊಂದು ಕಡೆ ಯಾವ ಆಫರೂ ಇಲ್ಲ, ಸೀದಾ 560. ಯಾವುದು ವಾಸಿ ಅಂತ ಕೇಳಿದ್ದೀರಿ.

560ರದ್ದೇ ವಾಸಿ. ಯಾಕೆ ಅನ್ನೋದಕ್ಕೆ ಸ್ವಲ್ಪ ಉದ್ದ ಬರೆಯಬೇಕು, ಕಾಫಿ ಮಾಡಿಕೊಂಡು ಕೂತ್ಕೊಳ್ಳಿ.

ಊರಲ್ಲಿ ಆಷಾಢದ ಸೇಲ್‌ಗೆ ಹೋದರೆ ಕಡಿಮೆ ಮಾಡೋದನ್ನು ಬಿಲ್ಲಿನಲ್ಲೇ ಕಡಿಮೆ ಮಾಡುತ್ತಾರೆ, ಅಲ್ವಾ? ಹೀಗೆ ಆಮೇಲೆ ವಾಪಸ್ ಬರೋ ದುಡ್ಡಿಗೆ ಇಲ್ಲಿ ರಿಬೇಟ್ ಅಂತಾರೆ, ಅದು ಹಾಗಲ್ಲ. ಮೊದಲು ಪೂರ್ತಿ ದುಡ್ಡು ಕೊಡಬೇಕು. ಆಮೇಲೆ ನಾನು ತಗೊಂಡಿದ್ದು ನಿಜ, ಸರಿಯಾದ ಮಾಡೆಲ್ಲೇ ತಗೊಂಡೆ, ಸರಿಯಾದ ತಾರೀಕಿಗೇ ತಗೊಂಡೆ ಅಂತ ಯಾವುದೋ ಊರಿನ ಪೋಸ್ಟ್ ಬಾಕ್ಸಿಗೆ ಬರೆದು ಸಾಬೀತು ಮಾಡಬೇಕು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗೆ.

ನಮ್ಮ ಕಥೆ ಕೇಳಿ. 2004ರ ನವೆಂಬರ್. ನಮ್ಮ ಯಜಮಾನರು ಆಗ ಸ್ಟೂಡೆಂಟು, ಇಬ್ಬರು ಗೆಳೆಯರು ನಮ್ಮ ಜೊತೆಗೇ ಅಪಾರ್ಟ್‌ಮೆಂಟಿನಲ್ಲಿದ್ದರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ ಇಲ್ಲಿ ದೊಡ್ಡ ಸೇಲ್, ಅವತ್ತು ಬೆಳಗಿನ ಜಾವ ನಾಲ್ಕಕ್ಕೇ ಎದ್ದು, ಇರೋಬರೋ ಸ್ವೆಟರ್ ಎಲ್ಲಾ ಹಾಕಿಕೊಂಡು ಕ್ಯೂ ನಿಂತು ಮೂರು ವೈರ್‌ಲೆಸ್ ರೌಟರ್ ತಂದರು. ಒಂದಕ್ಕೆ 50 ಡಾಲರ್, ಅದರಲ್ಲಿ 40 ರಿಬೇಟ್. ಒಂದು ನಮಗೆ, ಉಳಿದೆರಡನ್ನು ಬೇರೆಯವರಿಗೆ ಮಾರೋದು ಅಂತ ಲೆಕ್ಕ. ಮನೆಗೆ ಬಂದು ಡಬ್ಬದ ಮೇಲಿನ ಬಾರ್‌ಕೋಡ್ ಕತ್ತರಿಸೋ ಕೆಲಸ ನನಗೆ ಬಿತ್ತು. ಡಬ್ಬದ ರಟ್ಟು ಗಟ್ಟಿ, ಮನೆಯಲ್ಲಿ ಕತ್ತರಿಯಿಲ್ಲ, ತರಕಾರಿ ಚಾಕುವಿನಲ್ಲೇ ಕೊಯ್ದೆ. ಒಂದೊಂದು ಡಬ್ಬದ ಮೇಲೂ ಮೂರು ಬಾರ್‌ಕೋಡ್. ಹನ್ನೆರಡು ಅಂಕಿ ಇರೋ, ಯುಪಿಸಿ ಅನ್ನೋ ಬಾರ್‌ಕೋಡೇ ಬೇಕು ಅಂತ ಫಾರಂನ ಕೆಳಗೆ ಸಣ್ಣಕ್ಷರದಲ್ಲಿ ಇತ್ತು. ನಾನು ಒಂದರಲ್ಲಿ ಸೀರಿಯಲ್ ನಂಬರಿಂದನ್ನು ಕೊಯ್ದು ಕಳಿಸಿದೆ.

ಹತ್ತು ವಾರ ಕಾದ ಮೇಲೆ ಒಂದು ಚೆಕ್ ಬಂತು, ಎರಡು ಪೋಸ್ಟ್‌ಕಾರ್ಡ್ ಬಂದವು. ಒಂದರಲ್ಲಿ ಬಾರ್‌ಕೋಡ್ ತಪ್ಪು ಅಂತ. ಇನ್ನೊಂದರಲ್ಲಿ ಒಂದು ಮನೆಗೆ ಒಂದೇ ರಿಬೇಟ್ ಅಂತ. ಮೂರು ಜನ, ಮೂರು ಹೆಸರು, ಮೂರು ಬಿಲ್ಲು, ಆದರೆ ಅವರ ಲೆಕ್ಕಕ್ಕೆ ಒಂದೇ ವಿಳಾಸ. ನಾಲ್ಕೈದು ಜನ ಒಟ್ಟಿಗೆ ಇರೋ ನಮ್ಮ ಹುಡುಗರಿಗೆ ಈ ನಿಯಮದಷ್ಟು ಪೆಟ್ಟು ಕೊಟ್ಟಿದ್ದು ಇನ್ನೊಂದಿಲ್ಲ. ಸಾಲದ್ದಕ್ಕೆ, ಅದರಲ್ಲಿ ಒಂದು ರೌಟರ್ ಇಪ್ಪತ್ತೇ ದಿನಕ್ಕೆ ಸತ್ತಿತ್ತು. ವಾಪಸ್ ಕೊಡೋಣ ಅಂತ ಅಂಗಡಿಗೆ ಹೋದರೆ, ಕೌಂಟರಿನಲ್ಲಿದ್ದ ಹುಡುಗಿ ಡಬ್ಬ ತಿರುಗಿಸಿ ನೋಡಿ, ನಾನು ಕೊಯ್ದ ತೂತಿನಲ್ಲಿ ಬೆರಳು ತೂರಿಸಿ, ಬಾರ್‌ಕೋಡ್ ಇಲ್ಲದೆ ತಗೊಳ್ಳೋಕೆ ಆಗಲ್ಲ ಅಂದಳು. ರಿಬೇಟ್ ಬೇಕಂದರೆ ಕತ್ತರಿಸಬೇಕು, ವಾಪಸ್ ಕೊಡಬೇಕಂದರೆ ಕತ್ತರಿಸಬಾರದು!

ನಿಮ್ಮಂಥ ಹೊಸಬರಿಗೆ ಇನ್ನೂ ಎರಡು ಗುಂಡಿ ಇವೆ. ಒಂದು ತಾರೀಕು. ನಾವು ದಿನ ಮೊದಲು ಬರೆಯೋರು, ಇವರು ತಿಂಗಳು ಮೊದಲು. ಜುಲೈ 5ಕ್ಕೆ ತಗೊಂಡ ಪ್ರಿಂಟರಿಗೆ ನಮ್ಮವರು 5/7 ಅಂತ ಬರೆದು ಕಳಿಸಿದರು, ಅವರು ಅದನ್ನು ಮೇ 7 ಅಂತ ಓದಿದರು, ಆಗಿನ್ನೂ ಆಫರ್ ಶುರುವೇ ಆಗಿರಲಿಲ್ಲ ಅಂತ ಕಾಗದ ಬಂತು. ಎರಡನೆಯದು ಹೆಸರು. ಫಾರಂನಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ಚೌಕ ಇರುತ್ತೆ, ನಮ್ಮ ಶ್ರೀನಿವಾಸಮೂರ್ತಿ, ವೆಂಕಟಸುಬ್ಬಯ್ಯ ಎಲ್ಲಾ ಅರ್ಧಕ್ಕೇ ನಿಂತುಬಿಡುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ವೀಸಾದಲ್ಲಿ ‘ಮೊದಲ ಹೆಸರು ಗೊತ್ತಿಲ್ಲ’ ಅನ್ನೋದಕ್ಕೆ ಎಫ್‌ಎನ್‌ಯು ಅಂತ ಬಂದವರ ಪಾಡು ಕೇಳಲೇಬೇಡಿ. ಬ್ಯಾಂಕ್ ಖಾತೆಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ, ಅಪಾರ್ಟ್‌ಮೆಂಟ್ ನಂಬರ್ ಬಿಡಬೇಡಿ. ಲೀಸ್ ಮುಗಿಯೋಕೆ ಬಂದಿದ್ದರಂತೂ ರಿಬೇಟ್ ಸಹವಾಸವೇ ಬೇಡ. ಎರಡು ಮೂರು ತಿಂಗಳಾದ ಮೇಲೆ ಅದು ಹಳೇ ಮನೆಗೆ ಬರುತ್ತದೆ, ನೀವು ಅಷ್ಟರಲ್ಲಿ ಡಲ್ಲಾಸ್‌ನಲ್ಲಿರುತ್ತೀರಿ.

ಬಂದರೂ ಗುರುತು ಹಿಡಿಯೋದು ಕಷ್ಟ. ತೆಳ್ಳಗಿನ ಕಾರ್ಡು, ಮೇಲೆ ಪರಿಚಯವಿಲ್ಲದ ವಿಳಾಸ, ನೋಡೋಕೆ ಥೇಟ್ ಜಂಕ್ ಮೇಲ್. ಆಗ ನಾವು ಕಳಿಸುತ್ತಿದ್ದದ್ದೆಲ್ಲ ಟೆಕ್ಸಸ್‌ನ ಎಲ್ ಪಾಸೊಗೆ, ಇಲ್ಲವೇ ಮಿನೆಸೋಟದ ಯಂಗ್ ಅಮೆರಿಕ ಅನ್ನೋ ಊರಿಗೆ. ತಮಾಷೆಯಲ್ಲ, ಊರಿನ ಹೆಸರೇ ಅದು. ಅಲ್ಲಿ ಕಂಪನಿಗಳ ಪರವಾಗಿ ಬರೀ ರಿಬೇಟ್ ಲಕೋಟೆ ಒಡೆಯೋಕೇ ಇದ್ದ ಸಂಸ್ಥೆಗಳಿದ್ದವು. ದುಡ್ಡು ಬರಲಿಲ್ಲ ಅಂತ ಅಂಗಡಿಗೆ ಫೋನ್ ಮಾಡಿದರೆ ತಯಾರಕರನ್ನು ಕೇಳಿ ಅಂತಾರೆ, ತಯಾರಕರು ಲಕೋಟೆ ಒಡೆಯೋರನ್ನು ಕೇಳಿ ಅಂತಾರೆ, ಅವರಿಗೆ ನಿಮ್ಮ ಲಕೋಟೆ ಬಂದೇ ಇರಲ್ಲ.

ಇದೆಲ್ಲ ಬೇಜವಾಬ್ದಾರಿ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ, ಇದೇ ಲೆಕ್ಕಾಚಾರ. ಈ ವ್ಯಾಪಾರದಲ್ಲಿ ಇದಕ್ಕೆ ಹೆಸರೇ ಇದೆ. ಸಾಮಾನು ತಗೊಂಡು ಫಾರಂ ಕಳಿಸದವರಿಂದ ಉಳಿಯೋದು ಬ್ರೇಕೇಜ್. ಚೆಕ್ ಬಂದರೂ ಬ್ಯಾಂಕಿಗೆ ಹಾಕದವರಿಂದ ಉಳಿಯೋದು ಸ್ಲಿಪೇಜ್. 70 ಡಾಲರ್ ಆಸೆ ತೋರಿಸಿದರೆ ಹೆಚ್ಚು ಜನ ಬರುತ್ತಾರೆ, ಆದರೆ ಎಲ್ಲರಿಗೂ 70 ಕೊಡಬೇಕಾಗಿಲ್ಲ. ಮೂಗಿಗೆ ತುಪ್ಪ ಸವರೋದು ಅಂದರೆ ಇದೇ. ಮೋಸ ಅಂತ ಕೇಸ್ ಹಾಕೋಕೂ ಆಗಲ್ಲ, ಯಾಕಂದರೆ ಎಲ್ಲಾ ಸಣ್ಣಕ್ಷರದಲ್ಲಿ ಬರೆದೇ ಇರುತ್ತದೆ.

ಕೆಲವು ಸಲ ಕೇಸೂ ಆಗಿದೆ ಅನ್ನಿ. ಕ್ಯುಪಿಎಸ್ ಅನ್ನೋ ಕಂಪ್ಯೂಟರ್ ಬಿಡಿಭಾಗದ ಕಂಪನಿ ರಿಬೇಟ್ ಕೊಡದೆ ದಿವಾಳಿ ಎದ್ದಾಗ, ಆ ಸಾಮಾನನ್ನು ಜಾಹೀರಾತು ಕೊಟ್ಟು ಮಾರಿದ ಕಾಂಪ್‌ಯುಎಸ್‌ಎ ಅಂಗಡಿಯನ್ನು ಗ್ರಾಹಕರ ಪರ ನೋಡೋ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹಿಡಿಯಿತು, 2005ರಲ್ಲಿ ರಾಜಿ ಆಯಿತು. ಜನಕ್ಕೂ ಸಾಕಾಗಿತ್ತು, ಅದೇ ವರ್ಷ ಬೆಸ್ಟ್ ಬೈ ಅನ್ನೋ ಎಲೆಕ್ಟ್ರಾನಿಕ್ಸ್ ಅಂಗಡಿ ಎರಡು ವರ್ಷದೊಳಗೆ ಈ ಪೋಸ್ಟಿನಲ್ಲಿ ಕಳಿಸೋ ಮೇಲ್-ಇನ್ ರಿಬೇಟ್ ನಿಲ್ಲಿಸುತ್ತೇವೆ ಅಂತ ಹೇಳಿತು. ಕನೆಕ್ಟಿಕಟ್ ರಾಜ್ಯದಲ್ಲಂತೂ ರಿಬೇಟ್ ಕಳೆದ ಬೆಲೆಯನ್ನೇ ಬೆಲೆ ಅಂತ ಜಾಹೀರಾತಿನಲ್ಲಿ ಹಾಕಿದರೆ ಅಂಗಡಿಯವರು ಕೌಂಟರಿನಲ್ಲೇ ಆ ದುಡ್ಡು ಬಿಡಬೇಕು ಅಂತ ಕಾನೂನಿದೆ. ಆದರೂ ಟೈರು, ಕಾಂಟ್ಯಾಕ್ಟ್ ಲೆನ್ಸ್ ಇಂಥವಕ್ಕೆ ಈ ಚಾಳಿ ಇನ್ನೂ ಹೋಗಿಲ್ಲ.

ಈಗ ನಿಮ್ಮ ಟೈರ್. 542ಕ್ಕೂ 560ಕ್ಕೂ 18 ಡಾಲರ್ ವ್ಯತ್ಯಾಸ ಅಂದಿರಿ. ಸೇಲ್ಸ್ ಟ್ಯಾಕ್ಸ್ ಮಾತ್ರ 612ರ ಮೇಲೇ ಹಾಕುತ್ತಾರೆ, ಕಂಪನಿ ಆಮೇಲೆ ಕೊಡೋದು ಬಿಲ್ಲಿಗೆ ಲೆಕ್ಕವಿಲ್ಲ. ಎಂಟು ಪರ್ಸೆಂಟ್ ಅಂತಿಟ್ಟುಕೊಂಡರೂ ನಾಲ್ಕು ಡಾಲರ್ ಅಲ್ಲೇ ಹೋಯಿತು. ಉಳಿದಿದ್ದು 14. ಆ 70 ಬರೋದೂ ನಗದಲ್ಲ, ಪ್ರೀಪೇಯ್ಡ್ ಕಾರ್ಡ್. ಮಾಮೂಲಿ ಗಿಫ್ಟ್ ಕಾರ್ಡಿಗೆ ಕಡೇ ಪಕ್ಷ ಐದು ವರ್ಷ ಅಂತ ಕಾನೂನಿದೆ, ರಿಬೇಟಿನ ಕಾರ್ಡಿಗೆ ಅದು ಅನ್ವಯಿಸಲ್ಲ, ಆರೇ ತಿಂಗಳಿಗೆ ಮುಗಿಯೋವೂ ಇವೆ. ಪೆಟ್ರೋಲ್ ಬಂಕಿನ ಪಂಪಿಗೆ ಉಜ್ಜಿದರೆ ಅದು ಮೊದಲೇ ದೊಡ್ಡ ಮೊತ್ತ ಹಿಡಿದಿಡೋಕೆ ನೋಡುತ್ತದೆ, ಕಾರ್ಡ್ ಡಿಕ್ಲೈನ್ ಆಗುತ್ತದೆ. ನಮ್ಮ ಅಡುಗೆಮನೆ ಡ್ರಾಯರಿನಲ್ಲಿ ಮೂರು ಡಾಲರ್, ಒಂದೂ ಮುಕ್ಕಾಲು ಡಾಲರ್ ಉಳಿದ ಅಂಥ ಕಾರ್ಡು ಇನ್ನೂ ಬಿದ್ದಿವೆ. ಕೈಗೆ ಬಂದ ದಿನವೇ ಫೋನ್ ಬಿಲ್ಲಿಗೆ ಪೂರ್ತಿ ಕಟ್ಟಿ ಮುಗಿಸಿಬಿಡೋದು ನಾನು ಕಂಡುಕೊಂಡ ದಾರಿ.

ಮನೆ ರಿಪೇರಿ ಸಾಮಾನಿನ ಅಂಗಡಿ ಮೆನಾರ್ಡ್ಸ್‌ನ 11 ಪರ್ಸೆಂಟ್ ರಿಬೇಟ್ ಬಗ್ಗೆಯೂ ಕೇಳಿದ್ದಿರಿ. ನಾವು ಕಳಿಸಿದ್ದು ಬಂದಿದೆ. ಆದರೆ ಅದು ಅವರ ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಕ್ರೆಡಿಟ್. ಮನೆ ರಿಪೇರಿ ಮಾಡೋರಿಗೆ ಸರಿ, ನಿಮ್ಮದು ಬಾಡಿಗೆ ಮನೆ, ಅಲ್ಲಿ ಎರಡನೇ ಸಲ ಹೋಗಿ ಏನು ತರುತ್ತೀರಿ?

ಇಷ್ಟಾದ ಮೇಲೂ ಆ 612ರದ್ದೇ ಬೇಕು ಅನಿಸಿದರೆ, ಬಿಲ್ಲಿನಲ್ಲಿ ಟೈರಿನ ಪೂರ್ತಿ ಮಾಡೆಲ್ ಹೆಸರು, ನಾಲ್ಕು ಅನ್ನೋ ಸಂಖ್ಯೆ, ತಾರೀಕು ಇದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಿ. ಆನ್‌ಲೈನ್‌ನಲ್ಲಿ ಫೋಟೋ ಹಾಕೋ ಅವಕಾಶ ಇದ್ದರೆ ಅವತ್ತು ರಾತ್ರಿಯೇ ಹಾಕಿ, ನಾಳೆ ಅನ್ನಬೇಡಿ. ಪೋಸ್ಟೇ ಗತಿ ಅಂದರೆ ಎಲ್ಲದರ ಫೋಟೋ ಇಟ್ಟುಕೊಂಡು, ಪೋಸ್ಟ್ ಆಫೀಸಿನ ಕಿಟಕಿಯಲ್ಲಿ ಸರ್ಟಿಫಿಕೇಟ್ ಆಫ್ ಮೇಲಿಂಗ್ ಕೇಳಿ ತಗೊಳ್ಳಿ, ಕಳಿಸಿದ ದಿನಕ್ಕೆ ಅದೇ ಸಾಕ್ಷಿ.

ಅಂದಹಾಗೆ, ಆ 560ರಲ್ಲಿ ಟೈರ್ ಹಾಕೋ ಕೂಲಿ, ಬ್ಯಾಲೆನ್ಸಿಂಗ್, ಹಳೇ ಟೈರ್ ಎಸೆಯೋ ಚಾರ್ಜ್ ಎಲ್ಲಾ ಸೇರಿದೆಯಾ? ನೀವು ಬರೆದಿಲ್ಲ. ಎರಡೂ ಕಡೆ ಫೋನ್ ಮಾಡಿ, ಎಲ್ಲಾ ಸೇರಿ ಗಾಡಿ ಹೊರಗೆ ಬರೋವಾಗ ಎಷ್ಟಾಗುತ್ತೆ ಅಂತ ಕೇಳಿ, ಆ ನಂಬರ್ ನನಗೆ ಬರೆಯಿರಿ.