ಇದ್ದ ಫೈಲು ಸಿಗುತ್ತಿಲ್ಲ

ಪ್ರಶ್ನೆ: ವಿಂಡೋಸ್ 11 ಲ್ಯಾಪ್‌ಟಾಪಿನ ಡಿ ಡ್ರೈವ್‌ನಲ್ಲಿ ನಮ್ಮೂರ ದೇವಸ್ಥಾನದ ಬಗ್ಗೆ ನಾನು ಬರೆದ ಲೇಖನಗಳಿವೆ. ಕೆಲವು 'ನುಡಿ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ ಟೈಪ್ ಮಾಡಿದವು. ಕೆಳಗಿನ ಸರ್ಚ್ ಪಟ್ಟಿಯಲ್ಲಿ ಹುಡುಕಿದರೆ ಒಂದೂ ಬರುವುದಿಲ್ಲ. ಫೈಲುಗಳು ಹಾಳಾದವೇ?
– ಓದುಗರು, ಶಿರಸಿ

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ವಿಂಡೋಸ್ ಪ್ರತಿ ಸಲ ಇಡೀ ಡಿಸ್ಕ್ ಜಾಲಾಡುವುದಿಲ್ಲ. ಮೊದಲೇ ಸಿದ್ಧಪಡಿಸಿಟ್ಟ ಇಂಡೆಕ್ಸ್, ಅಂದರೆ ಫೈಲುಗಳ ಸೂಚಿ ನೋಡಿ ಉತ್ತರ ಕೊಡುತ್ತದೆ. ವಿಂಡೋಸ್‌ನ ಹುಡುಕಾಟದ ಸೆಟ್ಟಿಂಗ್‌ನಲ್ಲಿ 'ಕ್ಲಾಸಿಕ್' ಆಯ್ಕೆಯಿದ್ದರೆ ಅದು ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್‌ನಂಥ ಜಾಗಗಳನ್ನಷ್ಟೇ ಗಮನಿಸುತ್ತದೆ. ನಿಮ್ಮ ಡಿ ಡ್ರೈವ್ ಲೆಕ್ಕಕ್ಕೇ ಬಂದಿರಲಿಕ್ಕಿಲ್ಲ. ಕಂಟ್ರೋಲ್ ಪ್ಯಾನೆಲ್‌ನ 'ಇಂಡೆಕ್ಸಿಂಗ್ ಆಪ್ಷನ್ಸ್' ತೆರೆದು, 'ಮಾಡಿಫೈ' ಒತ್ತಿ, ಲೇಖನಗಳ ಫೋಲ್ಡರ್‌ಗೆ ಟಿಕ್ ಹಾಕಿ. ಇಡೀ ಡ್ರೈವ್ ಸೇರಿಸುವ ಅಗತ್ಯವಿಲ್ಲ. ಆಮೇಲೂ ಸಿಗದಿದ್ದರೆ ಅಲ್ಲೇ 'ಅಡ್ವಾನ್ಸ್ಡ್' ಒಳಗಿನ, ಇಂಡೆಕ್ಸನ್ನು ಹೊಸದಾಗಿ ಕಟ್ಟುವ 'ರೀಬಿಲ್ಡ್' ಒತ್ತಿ, ಚಾರ್ಜರ್ ಹಾಕಿ ರಾತ್ರಿಯಿಡೀ ಬಿಡಿ. ಅಳಿಸಿಹೋಗುವುದು ಇಂಡೆಕ್ಸ್ ಮಾತ್ರ, ನಿಮ್ಮ ಬರಹವಲ್ಲ.

ನನಗೆ ಹೆಚ್ಚು ಚಿಂತೆ ಆ ಹಳೆಯ ನುಡಿ ಫೈಲುಗಳದ್ದು. ಅವು ಆಸ್ಕಿ ಎಂಬ ಹಳೆಯ ಪದ್ಧತಿಯ ಫಾಂಟಿನಲ್ಲಿದ್ದರೆ ತೆರೆದಾಗ ಕನ್ನಡ ಕಂಡರೂ ಒಳಗೆ ಉಳಿದಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ನೀವು ಈಗ ಬಳಕೆಯಲ್ಲಿರುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲಿ 'ರಥಬೀದಿ' ಎಂದು ಹುಡುಕಿದರೆ ಆ ಪದ ಅಲ್ಲಿ ಇಲ್ಲವೇ ಇಲ್ಲ. ಎಷ್ಟು ಸಲ ರೀಬಿಲ್ಡ್ ಮಾಡಿದರೂ ಅಷ್ಟೇ. ಮೂಲ ಪ್ರತಿಯನ್ನು ಬೇರೆಡೆ ಇಟ್ಟು, ಆಸ್ಕಿ ಬರಹವನ್ನು ಬದಲಿಸುವ ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಿ. ಊರಿನ ಇತಿಹಾಸ ಮುಂದಿನವರ ಕೈಗೂ ಸಿಗಬೇಕಲ್ಲ, ಈ ಕೆಲಸ ಮುಂದೂಡಬೇಡಿ. ಅಲ್ಲಿಯವರೆಗೆ ಫೈಲಿನ ಹೆಸರನ್ನಾದರೂ ಯೂನಿಕೋಡ್ ಕನ್ನಡದಲ್ಲಿ ಕೊಡಿ, ಹೆಸರಿನಿಂದ ಹುಡುಕಬಹುದು.