ಕೊಳೆಮದ್ದಿನ ಲೆಕ್ಕವನ್ನೇ ಲೇಖನ ಮಾಡಿ

ಮಾನ್ಯರೇ,

ನಮ್ಮ ಪತ್ರಿಕೆಯ ವಿದ್ಯಾರ್ಥಿ ವಿಭಾಗಕ್ಕೆಂದು ನೀವು ಶಿರಸಿಯಿಂದ ಕಳುಹಿಸಿದ, ಪ್ರೌಢಶಾಲೆಯ ಮಕ್ಕಳಿಗೆ ಮೋಲ್ ಪರಿಕಲ್ಪನೆಯನ್ನು ತಿಳಿಸಿಕೊಡುವ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಬರುವುದಿಲ್ಲ. ಹಾಗೆಂದು ಒಂದು ಸಾಲಿನ ವಿಷಾದಪತ್ರದೊಂದಿಗೆ ಹಿಂದಿರುಗಿಸುವ ಬರಹವೂ ಅದಲ್ಲ. ಕೊನೆಯ ಪುಟದಲ್ಲಿ, ಅಡಿಕೆ ತೋಟದ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ಉದಾಹರಣೆಯಾಗಿ ತೆಗೆದುಕೊಂಡು ನೀವು ಬರೆದಿರುವ ಒಂದೇ ಒಂದು ಪರಿಚ್ಛೇದದಲ್ಲಿ ನಮಗೆ ಬೇಕಾದ ಲೇಖನವಿದೆ. ಅದಕ್ಕಿಂತ ಮುಂಚಿನ ಪುಟಗಳೆಲ್ಲ ಅದನ್ನು ತಲುಪಲು ಓದುಗ ತೆರಬೇಕಾದ ಸುಂಕದಂತಿವೆ.

ಆ ಪುಟಗಳಲ್ಲಿ ಇರುವುದೇನು? ಹನ್ನೆರಡು ಬಾಳೆಹಣ್ಣಿಗೆ ಒಂದು ಡಜನ್ ಎನ್ನುವಂತೆ ಇಷ್ಟು ಕಣಗಳಿಗೆ ಒಂದು ಮೋಲ್ ಎನ್ನುತ್ತಾರೆ ಎಂಬ, ಪ್ರತಿಯೊಂದು ಗೈಡಿನಲ್ಲಿಯೂ ಸಿಗುವ ಮಾತು, ಅನಂತರ ವ್ಯಾಖ್ಯೆ, ಅನಂತರ ಇಟಲಿಯ ವಿಜ್ಞಾನಿ ಅವೊಗಾಡ್ರೊ ಅವರ ಜೀವನಚರಿತ್ರೆ. ಇವನ್ನು ಬಿಟ್ಟುಬಿಡಿ ಎನ್ನಲು ಬೇಸರ ಮಾತ್ರ ಕಾರಣವಲ್ಲ, ತಪ್ಪುಗಳೂ ಇವೆ. ಒಂದು ಮೋಲಿನಲ್ಲಿರುವ ಕಣಗಳ ಸಂಖ್ಯೆಯನ್ನು ಅವೊಗಾಡ್ರೊ ಎಣಿಸಿದರು ಎಂದು ನೀವು ಬರೆದಿದ್ದೀರಿ. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮಾನವಾಗಿರುತ್ತದೆ ಎಂದು ಅವರು 1811ರಲ್ಲಿ ಹೇಳಿದರೇ ಹೊರತು ಆ ಸಂಖ್ಯೆ ಎಷ್ಟೆಂಬುದು ಅವರಿಗೆ ಗೊತ್ತಿರಲಿಲ್ಲ. ಆ ಸಂಖ್ಯೆಯತ್ತ ದಾರಿ ತೋರಿಸಿದ ಅಣುವಿನ ಗಾತ್ರವನ್ನು ಆಸ್ಟ್ರಿಯದ ವಿಜ್ಞಾನಿ ಲೋಶ್ಮಿಟ್ ಅಂದಾಜು ಮಾಡಿದ್ದು 1865ರಲ್ಲಿ. ಸಂಖ್ಯೆಗೆ ಅವೊಗಾಡ್ರೊ ಅವರ ಹೆಸರಿಟ್ಟವರು ಫ್ರಾನ್ಸಿನ ಭೌತವಿಜ್ಞಾನಿ ಪೆರಾಂ, 1909ರಲ್ಲಿ. ಹಾಗೆಯೇ 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂಬ ನಿಮ್ಮ ವ್ಯಾಖ್ಯೆ ಹಳೆಯದು. 2019ರ ಮೇ 20ರಿಂದ ಮೋಲ್ ಎಂದರೆ ನಿಖರವಾಗಿ 6.02214076 × 10²³ ಕಣಗಳು. ಮಕ್ಕಳಿಗೆ 6.022 ಸಾಕು, ಆದರೆ ಬರೆಯುವವರಿಗೆ ಬದಲಾವಣೆ ತಿಳಿದಿರಬೇಕು.

ಇನ್ನು ಕೊನೆಯ ಪುಟಕ್ಕೆ ಬರುತ್ತೇನೆ. ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ, ನೂರು ಲೀಟರ್ ನೀರು ಎಂಬ ಶೇಕಡಾ ಒಂದರ ಬೋರ್ಡೋ ದ್ರಾವಣದ ಅಳತೆಯನ್ನು ನಿಮ್ಮ ಭಾಗದ ಯಾವ ತೋಟದ ಮನೆಯಲ್ಲಿ ಕೇಳಿದರೂ ಹೇಳುತ್ತಾರೆ. ಒಂದು ಮೋಲ್ ಕಾಪರ್ ಸಲ್ಫೇಟ್ (ಅಂದರೆ ಮೈಲುತುತ್ತ) ಒಂದು ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಂದಿಗೆ (ಅಂದರೆ ಅರಳಿದ ಸುಣ್ಣದೊಂದಿಗೆ) ವರ್ತಿಸುತ್ತದೆ ಎಂಬ ಸಮೀಕರಣವನ್ನು ಸರಿಯಾಗಿಯೇ ಬರೆದಿದ್ದೀರಿ. ಅನಂತರ ಕಾಪರ್ ಸಲ್ಫೇಟಿನ ಮೋಲಾರ್ ರಾಶಿ, ಅಂದರೆ ಒಂದು ಮೋಲಿನ ತೂಕ, 159.5 ಗ್ರಾಂ ಎಂದು ಹಿಡಿದು, ಒಂದು ಕಿಲೋ ಮೈಲುತುತ್ತಕ್ಕೆ 463.9498 ಗ್ರಾಂ ಸುಣ್ಣ ಸಾಕು ಎಂದು ಲೆಕ್ಕ ಹಾಕಿ, ರೈತರು ಅರ್ಧಕ್ಕಿಂತ ಹೆಚ್ಚು ಸುಣ್ಣವನ್ನು ವ್ಯರ್ಥ ಮಾಡುತ್ತಿದ್ದಾರೆ ಎಂಬ ತೀರ್ಪು ಕೊಟ್ಟಿದ್ದೀರಿ. ಲೆಕ್ಕವೂ ತಪ್ಪು, ತೀರ್ಪೂ ತಪ್ಪು, ಆದರೆ ಎರಡೂ ಬೇರೆಬೇರೆ ಕಾರಣಗಳಿಂದ ತಪ್ಪು.

ಲೆಕ್ಕದ ತಪ್ಪು ಹರಳಿನಲ್ಲಿದೆ. ಅಂಗಡಿಯಿಂದ ತರುವ ನೀಲಿ ಹರಳಿನಲ್ಲಿ ಕಾಪರ್ ಸಲ್ಫೇಟಿನ ಒಂದೊಂದು ಘಟಕದ ಜೊತೆಗೆ ಐದು ನೀರಿನ ಅಣುಗಳು ಸೇರಿಕೊಂಡಿರುತ್ತವೆ. ಐದು ಹದಿನೆಂಟಲೆ ತೊಂಬತ್ತನ್ನು ಕೂಡಿಸಿದರೆ 249.5 ಗ್ರಾಂ ಆಗುತ್ತದೆ. ಅಂದರೆ ಒಂದು ಕಿಲೋ ಮೈಲುತುತ್ತದಲ್ಲಿ ಇರುವುದು ನೀವು ಹೇಳಿದ 6.27 ಮೋಲ್ ಅಲ್ಲ, ಸುಮಾರು 4 ಮೋಲ್. ಹರಳನ್ನು ಹಂಚಿನ ಮೇಲೆ ಕಾಯಿಸಿದರೆ ನೀರು ಬಿಟ್ಟುಹೋಗಿ ನೀಲಿ ಬಣ್ಣ ಮಾಸಿ ಬಿಳಿಯ ಪುಡಿ ಉಳಿಯುತ್ತದೆ, ನಿಮ್ಮ 159.5 ಆ ಬಿಳಿ ಪುಡಿಯ ಅಂಕಿ. ಈ ತಪ್ಪನ್ನು ಮುಚ್ಚಿ ತಿದ್ದುವ ಬದಲು ಲೇಖನದಲ್ಲಿ ಬಿಡಿಸಿ ತೋರಿಸಿ, ಏಕೆಂದರೆ ಸ್ಫಟಿಕ ಜಲವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯೂ ತಕ್ಕಡಿಯಲ್ಲಿ ತೂಗುವಾಗ ಅದನ್ನು ಮರೆಯುತ್ತಾನೆ.

ತೀರ್ಪಿನ ತಪ್ಪು ಇನ್ನೂ ಗಂಭೀರವಾದದ್ದು. 4 ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂದರೆ 296 ಗ್ರಾಂ, ಸರಿ. ಆದರೆ ಅದು ಶುದ್ಧ ಪದಾರ್ಥದ ಲೆಕ್ಕ. ತೋಟಕ್ಕೆ ಬರುವ ಸುಣ್ಣದಲ್ಲಿ ಮರಳಿರುತ್ತದೆ, ಪೂರ್ತಿ ಬೇಯದ ಚೂರುಗಳಿರುತ್ತವೆ, ಚೀಲದ ಬಾಯಿ ಬಿಚ್ಚಿಟ್ಟಿದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಹೀರಿ ಮತ್ತೆ ಕಾರ್ಬೊನೇಟ್ ಆದ ಭಾಗವೂ ಇರುತ್ತದೆ. ಅದಲ್ಲದೆ ಇಲ್ಲಿ ಎರಡು ಪದಾರ್ಥಗಳಲ್ಲಿ ಯಾವುದು ಉಳಿದರೂ ಒಂದೇ ಎನ್ನುವಂತಿಲ್ಲ. ಸುಣ್ಣ ಉಳಿದರೆ ದ್ರಾವಣ ಪ್ರತ್ಯಾಮ್ಲೀಯವಾಗಿ ನಿಲ್ಲುತ್ತದೆ, ಗಿಡಕ್ಕೆ ತೊಂದರೆಯಿಲ್ಲ. ತಾಮ್ರ ಕರಗಿದ ರೂಪದಲ್ಲಿಯೇ ಉಳಿದರೆ ಎಳೆಯ ಕಾಯಿಯನ್ನೂ ಎಲೆಯನ್ನೂ ಸುಡುತ್ತದೆ. ಆದ್ದರಿಂದ ಯಾವುದು ಮುಗಿಯಬೇಕು, ಯಾವುದು ಉಳಿಯಬೇಕು ಎಂಬುದನ್ನು ಮೊದಲೇ ನಿರ್ಧರಿಸಿ ಅಳತೆ ಹಾಕಲಾಗಿದೆ. ಪಠ್ಯಪುಸ್ತಕ ಸೀಮಿತ ಪ್ರತಿವರ್ತಕ ಎಂದು ಕರೆಯುವುದು ಹೀಗೆ ಮೊದಲು ಮುಗಿಯುವ ಪದಾರ್ಥವನ್ನೇ, ಮತ್ತು ಇದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಜಿಲ್ಲೆಯಲ್ಲಿ ಸಿಗಲಾರದು. ನೀವದನ್ನು ಕೈಯಲ್ಲಿ ಹಿಡಿದುಕೊಂಡೇ ರೈತರ ಮೇಲೆ ದೂರು ಹೊರಿಸಿದ್ದೀರಿ.

ಮದ್ದು ಕಲಸಿದ ಮೇಲೆ ಮಸೆದು ಹೊಳಪು ಬಂದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ ನೋಡುವ ಪದ್ಧತಿ ನಿಮಗೆ ಗೊತ್ತಿಲ್ಲದಿರಲಾರದು. ಅಲಗಿನ ಮೇಲೆ ಕೆಂಪು ಛಾಯೆ ಕೂತರೆ ತಾಮ್ರ ಇನ್ನೂ ಕರಗಿದ ರೂಪದಲ್ಲಿದೆ ಎಂದರ್ಥ; ಸುಣ್ಣದ ತಿಳಿಯನ್ನು ಇನ್ನಷ್ಟು ಹಾಕಿ, ಅಲಗನ್ನು ಒರೆಸಿ ಮತ್ತೆ ಅದ್ದುತ್ತಾರೆ. ಹತ್ತನೇ ತರಗತಿಯ ಪಾಠದಲ್ಲಿ ಕಬ್ಬಿಣದ ಮೊಳೆಯನ್ನು ಕಾಪರ್ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸುವ, ಕಬ್ಬಿಣ ಕರಗಿ ತಾಮ್ರ ಹೊರಬೀಳುವ ಸ್ಥಾನಪಲ್ಲಟ ಪ್ರಯೋಗ ಇದೇ ಅಲ್ಲವೇ? ಇದರ ಬಗ್ಗೆ ಒಂದು ಮಾತೂ ಬರೆಯದೆ, ಮದ್ದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಹುದು ಎಂದು ಬೇರೆ ಬರೆದಿದ್ದೀರಿ. ಆ ವಾಕ್ಯ ಅಚ್ಚಾಗುವುದು ಸಾಧ್ಯವೇ ಇಲ್ಲ. ಮೈಲುತುತ್ತ ಕರಗಿಸುವುದು ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ. ಕಬ್ಬಿಣದ ಪಾತ್ರೆಯಾದರೆ ಪಾತ್ರೆಯೇ ಕ್ರಿಯೆಯಲ್ಲಿ ಪಾಲ್ಗೊಳ್ಳುತ್ತದೆ. ಬೇಕಿದ್ದರೆ ಮಕ್ಕಳಿಗೆ ಅದನ್ನೇ ಪ್ರಶ್ನೆಯಾಗಿ ಕೊಡಿ: 4 ಮೋಲ್ ತಾಮ್ರವೆಲ್ಲ ಹೊರಬಿದ್ದರೆ ಡ್ರಮ್ಮು ಕಳೆದುಕೊಳ್ಳುವ ಕಬ್ಬಿಣ ಎಷ್ಟು? ನಾಲ್ಕು ಐವತ್ತಾರಲೆ 224 ಗ್ರಾಂ.

ನಾಲ್ಕು ದಶಮಾಂಶ ಸ್ಥಾನಗಳ ಆ ಉತ್ತರದ ಬಗ್ಗೆಯೂ ಹೇಳಬೇಕು. ತೂಕದ ಕೊಕ್ಕೆಗೆ ಚೀಲ ಸಿಕ್ಕಿಸಿ ತೂಗುವ ಸುಣ್ಣಕ್ಕೆ ಗ್ರಾಮಿನ ಹತ್ತುಸಾವಿರದ ಒಂದಂಶದವರೆಗೆ ಉತ್ತರ ಕೊಡುವುದು ನಿಖರತೆಯಲ್ಲ, ಕ್ಯಾಲ್ಕುಲೇಟರ್ ತೋರಿಸಿದ್ದನ್ನು ನಕಲು ಮಾಡುವುದು. ಅಲ್ಲದೆ ನಿಮ್ಮ ಲೆಕ್ಕದ ನಡುವಿನ ಸಾಲುಗಳಲ್ಲಿ ಏಕಮಾನಗಳೇ ಇಲ್ಲ. ಅದರ ಫಲವಾಗಿಯೇ ಶೇಕಡಾ ಒಂದರ ದ್ರಾವಣವನ್ನು ಒಂದು ಮೋಲಾರ್ ದ್ರಾವಣ ಎಂದು ಕರೆದುಬಿಟ್ಟಿದ್ದೀರಿ. ನೂರು ಲೀಟರಿನಲ್ಲಿ 4 ಮೋಲ್ ಎಂದರೆ ಲೀಟರಿಗೆ 0.04 ಮೋಲ್, ಅಂದರೆ 0.04 ಮೋಲಾರ್. ಪ್ರತಿ ಸಾಲಿನಲ್ಲಿಯೂ ಗ್ರಾಂ, ಮೋಲ್, ಲೀಟರ್ ಎಂದು ಬರೆಯುತ್ತ ಹೋಗಿದ್ದರೆ ಈ ಇಪ್ಪತ್ತೈದು ಪಟ್ಟಿನ ಎಡವಟ್ಟು ತಾನೇ ಕಣ್ಣಿಗೆ ಬೀಳುತ್ತಿತ್ತು. ಯಾವುದೇ ಅನಿಲದ ಒಂದು ಮೋಲ್ 22.4 ಲೀಟರ್ ಎಂಬ ವಾಕ್ಯವೂ ಅರೆಬರೆ. ಅದು ಸೊನ್ನೆ ಡಿಗ್ರಿ ಸೆಲ್ಸಿಯಸ್ ಮತ್ತು ಒಂದು ವಾತಾವರಣ ಒತ್ತಡದ ಮಾತು, ಕಾರವಾರದ ಮೂವತ್ತು ಡಿಗ್ರಿಯಲ್ಲಿ ಅದು 24.9 ಲೀಟರಿನ ಹತ್ತಿರ ಬರುತ್ತದೆ.

ಹೊಸ ಕರಡನ್ನು ಒಂದು ಪ್ರಶ್ನೆಯಿಂದ ಆರಂಭಿಸಿ: ತೋಟದ ಒಂದು ಕಿಲೋ ಮೈಲುತುತ್ತಕ್ಕೆ ಅಘನಾಶಿನಿ ಅಳಿವೆಯ ಎಷ್ಟು ಚಿಪ್ಪನ್ನು ಸುಟ್ಟು ಸುಣ್ಣ ಮಾಡಬೇಕು? ಘಟ್ಟದ ಮೇಲಿನ ನೀಲಿ ಹರಳಿಗೂ ಕುಮಟಾದ ಕಡೆಯ ಬಿಳಿ ಚಿಪ್ಪಿಗೂ ತೂಕದಲ್ಲಿ ನೇರ ಸಂಬಂಧವಿಲ್ಲ. ಮೋಲ್ ಇಲ್ಲದೆ ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿಯೂ ಇಲ್ಲ. ಚಿಪ್ಪು ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಎಂದುಕೊಂಡರೆ ಒಂದು ಮೋಲಿಗೆ 100 ಗ್ರಾಂ. ಸುಟ್ಟಾಗ 44 ಗ್ರಾಂ ಅನಿಲವಾಗಿ ಹೋಗಿ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತದೆ. 18 ಗ್ರಾಂ ನೀರು ಸೇರಿ ಅರಳಿದಾಗ 74 ಗ್ರಾಂ. 4 ಮೋಲಿಗೆ 400 ಗ್ರಾಂ ಚಿಪ್ಪು. ಅಂಕಿಗಳು ಇಷ್ಟು ದುಂಡಗೆ ಬರುವ ಲೆಕ್ಕ ಸಿಕ್ಕಾಗ ಮಕ್ಕಳಿಗೆ ಡಜನ್ ಬಾಳೆಹಣ್ಣು ಏಕೆ ಬೇಕು? ಮದ್ದಿನಲ್ಲಿ ನಿಜವಾಗಿ ಕೂಡುವ ನೀಲಿ ಗಸಿ ಸಮೀಕರಣ ಹೇಳುವಂತೆ ಬರೀ ತಾಮ್ರದ ಹೈಡ್ರಾಕ್ಸೈಡ್ ಅಲ್ಲ, ಅದರಲ್ಲಿ ತಾಮ್ರದ ಪ್ರತ್ಯಾಮ್ಲೀಯ ಸಲ್ಫೇಟುಗಳೂ ಬೆರೆತಿರುತ್ತವೆ ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗಿ.

ಚರಿತ್ರೆ ಬೇಕೆನಿಸಿದರೆ ಫ್ರಾನ್ಸಿನ ಬೋರ್ಡೋ ಪ್ರದೇಶದ ದ್ರಾಕ್ಷಿ ತೋಟಗಳಲ್ಲಿ ಸಸ್ಯವಿಜ್ಞಾನಿ ಮಿಲಾರ್ಡೆ ಈ ಮಿಶ್ರಣದ ಗುಣವನ್ನು 1885ರಲ್ಲಿ ಪ್ರಕಟಿಸಿದ್ದನ್ನೂ, ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಅಧ್ಯಯನವನ್ನು ಹೊರತಂದದ್ದನ್ನೂ ಸೇರಿಸಬಹುದು. ಅದಕ್ಕಿಂತ ಹೆಚ್ಚು ಬೇಡ. ‘ಅದ್ಭುತ’, ‘ವಿಸ್ಮಯಕಾರಿ’ ಎಂಬ ವಿಶೇಷಣಗಳನ್ನೂ ಆಶ್ಚರ್ಯಸೂಚಕ ಚಿಹ್ನೆಗಳನ್ನೂ ನಾನೇ ತೆಗೆಯುತ್ತೇನೆ, ನೀವು ಶ್ರಮ ಪಡಬೇಕಾಗಿಲ್ಲ.

ಮೊದಲ ಮದ್ದು ಮಳೆ ಹಿಡಿಯುವ ಮುನ್ನವೇ ಬೀಳುವುದರಿಂದ ಲೇಖನ ಜೂನ್ ಸಂಚಿಕೆಯಲ್ಲಿ ಬರಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಮೇ ಮೊದಲ ವಾರದೊಳಗೆ, ಸಾವಿರ ಪದ ಮೀರದಂತೆ, ಲೆಕ್ಕದ ಹಂತಗಳನ್ನು ಬೇರೆ ಹಾಳೆಯಲ್ಲಿ ಏಕಮಾನಗಳ ಸಹಿತ ಬರೆದು ಕಳುಹಿಸಿ. ಕತ್ತಿ ಅದ್ದಿ ನೋಡುವ ಭಾಗವನ್ನು ಮಾತ್ರ ನೆನಪಿನಿಂದ ಬರೆಯಬೇಡಿ. ಯಾರದಾದರೂ ಅಂಗಳದಲ್ಲಿ ಮದ್ದು ಕಲಸುವಾಗ ಪಕ್ಕದಲ್ಲಿ ನಿಂತು ನೋಡಿ, ಅಲಗಿನ ಮೇಲೆ ಬಣ್ಣ ಕೂರಲು ಎಷ್ಟು ಹೊತ್ತು ಬೇಕಾಯಿತೆಂಬುದನ್ನು ಗಡಿಯಾರ ನೋಡಿ ಗುರುತು ಹಾಕಿಕೊಂಡು ಬರೆಯಿರಿ.

ಇಂತಿ,
ಸಂಪಾದಕ