ಟೆರೇಸ್ ತೋಟ: ನಂದಿಬಟ್ಟಲಿನ ಬಿಳಿ ಅಂಚು ಎಲ್ಲಿ ಹೋಯಿತು?

ಹೋದ ತಿಂಗಳು ಬಿಳಿ ಅಂಚಿನ ಎಲೆಯ ನಂದಿಬಟ್ಟಲಿನ ಬಗ್ಗೆ ಇಲ್ಲಿ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬಂದಿವೆ! ಪುಣೆ, ಮುಂಬೈ, ಗೋವಾ ಕಡೆಯ ನಮ್ಮ ಜನರ ಬಾಲ್ಕನಿಗಳಲ್ಲಿ ಈ ಗಿಡ ಇಷ್ಟೊಂದು ಇದೆ ಅಂತ ಗೊತ್ತಿರಲಿಲ್ಲ. ಈ ಸಲ ಪೂರ್ತಿ ಅದರದ್ದೇ ಮಾತು.

ಎರಡು ವರ್ಷದ ಹಿಂದೆ ವೇರಿಗೇಟೆಡ್ (ಎರಡು ಬಣ್ಣದ ಎಲೆಯ) ನಂದಿಬಟ್ಟಲು ತಂದೆ. ಈಗ ಅರ್ಧ ಗಿಡ ಪೂರ್ತಿ ಹಸಿರಾಗಿದೆ. ಹಸಿರು ಕೊಂಬೆಗಳು ಎತ್ತರಕ್ಕೆ ಹೋಗಿ ಹೂವನ್ನೂ ಜಾಸ್ತಿ ಕೊಡುತ್ತಿವೆ. ಗಿಡ ಚೇತರಿಸಿಕೊಂಡಿದೆ ಅಂತ ಖುಷಿಪಡಲೋ, ಗೊಬ್ಬರ ಕಡಿಮೆಯಾಯಿತು ಅಂತ ಚಿಂತೆ ಮಾಡಲೋ? — ಕೋಥ್ರೂಡ್, ಪುಣೆ

ಎರಡೂ ಬೇಡ. ಕತ್ತರಿ ಹುಡುಕಿ.

ನಾನು ಮಾಡಿದ ತಪ್ಪನ್ನೇ ನೀವು ಮಾಡುವ ದಾರಿಯಲ್ಲಿದ್ದೀರಿ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಧಾರವಾಡದ ನಮ್ಮ ಅಂಗಳದಲ್ಲಿ ಹಸಿರು ನಂದಿಬಟ್ಟಲು ಯಾರೂ ಕೇಳದೆ ಬೆಳೆದದ್ದು. ಪುಣೆ ಸಹಕಾರನಗರದ ಈ ಮೂರನೇ ಮಹಡಿಗೆ ಮಾತ್ರ 2009ರಲ್ಲಿ ದುಡ್ಡು ಕೊಟ್ಟು ಬಿಳಿ ಅಂಚಿನದ್ದನ್ನು ತಂದೆ. ಮುಂದಿನ ಮಳೆಗಾಲಕ್ಕೆ ಬುಡದ ಹತ್ತಿರ ಒಂದು ಹಸಿರು ಚಿಗುರು ಬಂತು. ಬಿಡು, ದೇವರಿಗೆ ನಾಲ್ಕು ಹೂ ಜಾಸ್ತಿ ಸಿಗುತ್ತವೆ ಅಂದುಕೊಂಡೆ. ಸಿಕ್ಕವು ಕೂಡ. ದಿನಾ ಬೆಳಗ್ಗೆ ಹೂ ಕಿತ್ತುಕೊಳ್ಳುವುದು, ಗಿಡವನ್ನು ಹೊಗಳುವುದು. ಎರಡು ವರ್ಷ ಕಳೆದು ಒಂದು ದಿನ ಗೂಡು ಹುಡುಕುವ ಗುಬ್ಬಿಯ ಹಾಗೆ ಎಲೆ ಸರಿಸಿ ನೋಡಿದರೆ, ಬಿಳಿ ಅಂಚಿನ ಒಂದೇ ಒಂದು ಕಡ್ಡಿ ಉಳಿದಿತ್ತು. ಅದರಲ್ಲಿ ಏಳೆಲೆ.

ಆಗುವುದು ಇಷ್ಟೇ. ಎಲೆಯ ಹಸಿರು ಭಾಗವೇ ಗಿಡದ ಅಡುಗೆಮನೆ. ಬಿಳಿ ಅಂಚಿನಲ್ಲಿ ಆ ಹಸಿರು ಇಲ್ಲ, ಎಷ್ಟು ಬಿಸಿಲು ಬಿದ್ದರೂ ಅಲ್ಲಿ ಒಲೆ ಹತ್ತುವುದಿಲ್ಲ. ಇಂಥ ಗಿಡದೊಳಗೆ ಎರಡು ಬಗೆಯ ಜೀವಕೋಶಗಳು ಪದರ ಪದರವಾಗಿ ಒಟ್ಟಿಗೆ ಬಾಳುತ್ತಿರುತ್ತವೆ: ಹಸಿರು ಮಾಡಬಲ್ಲವು, ಮಾಡಲಾರದವು. ಯಾವುದೋ ಒಂದು ಮೊಗ್ಗಿನಲ್ಲಿ ಬರೀ ಹಸಿರಿನ ಕೋಶಗಳೇ ಸೇರಿಕೊಂಡರೆ ಅಲ್ಲಿಂದ ಬರುವ ಕೊಂಬೆ ಪೂರ್ತಿ ಹಸಿರು. ಅದರ ಅಡುಗೆಮನೆ ದೊಡ್ಡದು, ಬೇಗ ಬೆಳೆಯುತ್ತದೆ, ಬಿಳಿ ಅಂಚಿನ ಕೊಂಬೆಗಳ ಮೇಲೆ ನೆರಳು ಹಾಕುತ್ತದೆ. ಹಸಿರು ಕೊಂಬೆಗೆ ರೋಗವಿಲ್ಲ. ಜೋರು ಜಾಸ್ತಿ, ಅಷ್ಟೇ.

ಕತ್ತರಿಸುವುದಕ್ಕೂ ಒಂದು ರೀತಿ ಇದೆ. ತುದಿ ಚಿವುಟಿದರೆ ಪ್ರಯೋಜನವಿಲ್ಲ, ಕೆಳಗಿನ ಕಣ್ಣುಗಳಿಂದ ಮತ್ತೆ ಹಸಿರೇ ಬರುತ್ತದೆ. ಹಸಿರು ಕೊಂಬೆಯನ್ನು ಎರಡು ಬೆರಳಲ್ಲಿ ಹಿಡಿದು ಕೆಳಕ್ಕೆ ಜಾರಿಸುತ್ತಾ ಹೋಗಿ. ನಂದಿಬಟ್ಟಲಿನ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಇರುತ್ತವೆ ಅಲ್ವಾ, ಒಂದೊಂದು ಜೋಡಿಯ ಹತ್ತಿರವೂ ಬೆರಳು ಸಣ್ಣ ಗಂಟಿಗೆ ತಾಗುತ್ತದೆ. ಕೊಂಬೆ ಎಲ್ಲಿ ಹುಟ್ಟಿದೆಯೋ ಅಲ್ಲಿಯವರೆಗೆ ಹೋಗಿ ಬುಡಕ್ಕೇ ಕತ್ತರಿಸಿ. ತಕ್ಷಣ ಹಾಲು ಜಿನುಗುತ್ತದೆ. ಒದ್ದೆ ಬಟ್ಟೆ ಕೈಯಲ್ಲಿರಲಿ. ನಂದಿಬಟ್ಟಲು ಹೂವನ್ನು ಕಣ್ಣಿನ ಮೇಲೆ ಇಟ್ಟುಕೊಳ್ಳುವ ರೂಢಿ ನಮ್ಮ ಕಡೆ ಇದೆ, ಆ ಧೈರ್ಯದಲ್ಲಿ ಹಾಲಿನ ಕೈಯಿಂದ ಕಣ್ಣುಜ್ಜಿಕೊಳ್ಳಬೇಡಿ. ಈ ಹಾಲು ವಿಷದ್ದು, ಕಣ್ಣು ಉರಿಯುತ್ತದೆ. ಚಿಕ್ಕ ಮಕ್ಕಳು ಎಲೆ ಬಾಯಿಗೆ ಹಾಕದಂತೆಯೂ ನೋಡಿಕೊಳ್ಳಿ.

ಒಂದೊಂದು ಸಲ ಉಲ್ಟಾ ಆಗುತ್ತದೆ. ಪೂರ್ತಿ ಬಿಳಿ ಚಿಗುರು ಬರುತ್ತದೆ. ಕೆನೆ ಬಣ್ಣ, ಮೇಣದಲ್ಲಿ ಮಾಡಿದ ಹಾಗೆ, ಮನೆಗೆ ಬಂದವರೆಲ್ಲ ಫೋಟೊ ತೆಗೆಯುತ್ತಾರೆ. ಆದರೆ ಅದು ಕೂತು ಉಣ್ಣುವ ಮನೆ ಅಳಿಯ, ಒಂದು ಹಿಡಿ ಅಕ್ಕಿಯನ್ನೂ ತರುವುದಿಲ್ಲ. ಒಂದೆರಡು ಇರಲಿ, ಜಾಸ್ತಿಯಾದರೆ ಅದನ್ನೂ ತೆಗೆಯಿರಿ.

ಹದಿನೈದು ದಿನಕ್ಕೊಮ್ಮೆ ಬುಡದತ್ತ ಬಗ್ಗಿ ನೋಡಿದರೆ ಸಾಕು. ಅರ್ಧ ಇಂಚಿನ ಹಸಿರು ಚಿಗುರನ್ನು ಉಗುರಿನಿಂದಲೇ ತೆಗೆಯಬಹುದು. ಯೂರಿಯಾ ಹಾಕುವುದನ್ನು ಬಿಡಿ, ಅದರ ಲಾಭ ಮೊದಲು ಸಿಗುವುದು ಹಸಿರು ಕೊಂಬೆಗೇ. ನನ್ನ ಆ ಏಳೆಲೆ ಕಡ್ಡಿಯ ಕತೆ ಕೊನೆಯ ಪ್ರಶ್ನೆಯಲ್ಲಿ ಬರುತ್ತದೆ.

ಮುಂಬೈಗೆ ಹೊಸಬಳು. ನರ್ಸರಿಯಲ್ಲಿ ನಂದಿಬಟ್ಟಲು ಅಂದರೆ ಯಾರಿಗೂ ಅರ್ಥವಾಗುವುದಿಲ್ಲ. ಏನಂತ ಕೇಳಬೇಕು? — ಮುಲುಂಡ್

ಮರಾಠಿಯಲ್ಲಿ ತಗರ, ಹಿಂದಿಯಲ್ಲಿ ಚಾಂದನಿ. ‘ವೇರಿಗೇಟೆಡ್ ತಗರ’ ಅಂದರೆ ಎಲ್ಲ ಕಡೆ ಕೊಡುತ್ತಾರೆ. ಐದೆಸಳಿನ ಸಣ್ಣ ಬಿಳಿ ಹೂವು, ಗಾಳಿಗೆ ತಿರುಗುವ ಕಾಗದದ ಚಕ್ರದ ಹಾಗೆ ಎಸಳು ಒಂದೇ ಕಡೆ ವಾಲಿರುತ್ತದೆ. ರಾತ್ರಿ ಘಮ ಬರಬೇಕು ಅಂದರೆ ಸುತ್ತು ಎಸಳಿನದ್ದನ್ನೇ ಕೇಳಿ, ಐದೆಸಳಿನದ್ದಕ್ಕೆ ಹೇಳಿಕೊಳ್ಳುವಂಥ ವಾಸನೆ ಇಲ್ಲ.

ಇನ್ನೊಂದು ಮಾತು. ಹೂಕುಂಡಕ್ಕೆ ಮರಾಠಿಯಲ್ಲಿ ‘ಕುಂಡಿ’ ಅನ್ನುತ್ತಾರೆ. ನಮ್ಮ ಅತ್ತೆ ಮೊದಲ ಸಲ ಪುಣೆಗೆ ಬಂದಾಗ ನರ್ಸರಿಯವನು ಅವರನ್ನೇ ನೋಡಿ, ದೊಡ್ಡ ಕುಂಡಿ ಬೇಕೋ ಸಣ್ಣದೋ ಅಂತ ಮರಾಠಿಯಲ್ಲಿ ಕೇಳಿಬಿಟ್ಟ. ಅತ್ತೆ ಆಮೇಲೆ ಆ ನರ್ಸರಿಗೆ ಕಾಲಿಡಲಿಲ್ಲ. ನೀವು ಗಾಬರಿಯಾಗಬೇಡಿ, ಹತ್ತರಿಂದ ಹನ್ನೆರಡು ಇಂಚಿನದ್ದು ಸಾಕು ಅನ್ನಿ.

ಬಾಲ್ಕನಿ ಪಶ್ಚಿಮಕ್ಕಿದೆ. ಎಲೆಯ ಬಿಳಿ ಅಂಚು ಸುಟ್ಟು ಕಂದಾಗುತ್ತಿದೆ, ಮೊಗ್ಗು ಅರಳುವ ಮೊದಲೇ ಉದುರುತ್ತದೆ. ದಿನಾ ನೀರು ಹಾಕುತ್ತೇನೆ. — ಡೊಂಬಿವಲಿ

ಅಂಚು ಸುಡುವುದಕ್ಕೆ ಮಧ್ಯಾಹ್ನದ ಬಿಸಿಲೇ ಕಾರಣ. ಬಿಳಿ ಭಾಗ ಬಿಸಿಲನ್ನು ತಡೆಯುವುದಿಲ್ಲ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಗಿಡವನ್ನು ಗ್ರಿಲ್‌ನಿಂದ ಎರಡಡಿ ಒಳಕ್ಕೆ ಎಳೆಯಿರಿ, ಇಲ್ಲವೇ ಹಳೆ ಬಿಳಿ ಪಂಚೆ ಕಟ್ಟಿ. ಹಾಗಂತ ಕತ್ತಲ ಮೂಲೆಗೆ ತಳ್ಳಬೇಡಿ. ಅಲ್ಲಿ ಹೂವು ಬರುವುದಿಲ್ಲ, ಬಿಳಿಯೂ ಮಂಕಾಗುತ್ತದೆ. ಬೆಳಗಿನ ಮೂರು-ನಾಲ್ಕು ಗಂಟೆ ಬಿಸಿಲು ಸಿಕ್ಕರೆ ಅದು ಆರಾಮಾಗಿರುತ್ತದೆ.

ಮೊಗ್ಗು ಉದುರುವ ವಿಷಯದಲ್ಲಿ ನನಗೆ ಬೇರೆ ಅನುಮಾನ. ಗಿಡ ತಂದಾಗ ಬೇರಿನ ಸುತ್ತ ಜಿಗುಟು ಮಣ್ಣಿನ ಮುದ್ದೆ ಇತ್ತಾ? ನಮ್ಮ ಕಡೆಯ ನರ್ಸರಿಗಳಿಗೆ ಎಷ್ಟೋ ಗಿಡಗಳು ಆಂಧ್ರದ ರಾಜಮಹೇಂದ್ರಿ ಹತ್ತಿರದ ಕಡಿಯಂನಿಂದ ಲಾರಿಯಲ್ಲಿ ಬರುತ್ತವೆ. ದಾರಿಯಲ್ಲಿ ಒಣಗದಿರಲಿ ಅಂತ ಬೇರಿಗೆ ಜೇಡಿಮಣ್ಣು ಮೆತ್ತಿರುತ್ತಾರೆ. ಆ ಮುದ್ದೆ ಒಂದು ಸಲ ಒಣಗಿದರೆ ಇಟ್ಟಿಗೆ. ನೀವು ಹಾಕಿದ ನೀರು ಅದರ ಪಕ್ಕದಿಂದ ಜಾರಿ ತಟ್ಟೆಗೆ ಇಳಿಯುತ್ತದೆ, ಮೇಲೆ ಮಣ್ಣು ಒದ್ದೆ ಕಾಣುತ್ತದೆ, ಒಳಗೆ ಬೇರು ಒಣಗಿರುತ್ತದೆ. ಒಂದು ಕಡ್ಡಿಯನ್ನು ಕಾಂಡದ ಪಕ್ಕದಲ್ಲೇ ಚುಚ್ಚಿ ನೋಡಿ. ಇಳಿಯದಿದ್ದರೆ ಅದೇ ರೋಗ. ಜೂನ್‌ನಲ್ಲಿ ಮೋಡ ಕಟ್ಟಿದ ದಿನ ಗಿಡ ತೆಗೆದು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಬೆರಳಿನಿಂದ ಸುಮಾರು ಅರ್ಧ ಜೇಡಿಯನ್ನು ಕರಗಿಸಿ ತೆಗೆಯಿರಿ, ಪೂರ್ತಿ ಬೇಡ, ಸಣ್ಣ ಬೇರು ಹರಿಯುತ್ತವೆ. ಹೊಸ ಮಣ್ಣಿಗೆ ಮೂರನೇ ಒಂದು ಪಾಲು ಕಾಂಪೋಸ್ಟ್, ಒಂದು ಬೊಗಸೆ ದಪ್ಪ ಮರಳು. ಅಲ್ಲಿಯವರೆಗೆ ನೀರನ್ನು ಒಂದೇ ಸಲ ಸುರಿಯದೆ ಹತ್ತು ನಿಮಿಷ ಬಿಟ್ಟು ಬಿಟ್ಟು ಎರಡು ಮೂರು ಸಲ ಹಾಕಿ.

ಬೆರಳು ಗಾತ್ರದ ಹಸಿರು ಹುಳು ಒಂದೇ ರಾತ್ರಿಯಲ್ಲಿ ಎರಡು ಕೊಂಬೆ ಬೋಳು ಮಾಡಿದೆ. ಯಾವ ಔಷಧಿ ಹೊಡೆಯಲಿ? — ಮಡಗಾಂವ್, ಗೋವಾ

ಹಿಂಭಾಗದಲ್ಲಿ ಸಣ್ಣ ಕೊಂಬು, ತಲೆಯ ಹತ್ತಿರ ಎರಡು ನೀಲಿ-ಬಿಳಿ ಕಣ್ಣುಗಳ ಗುರುತು ಇದೆಯಾ? ಅವು ನಿಜವಾದ ಕಣ್ಣಲ್ಲ, ಹಕ್ಕಿಯನ್ನು ಹೆದರಿಸುವ ವೇಷ. ಇದು ಕಣಗಿಲೆ ಪತಂಗದ ಮರಿ. ಕಣಗಿಲೆಯಷ್ಟೇ ಪ್ರೀತಿಯಿಂದ ನಂದಿಬಟ್ಟಲನ್ನೂ ತಿನ್ನುತ್ತದೆ. ನಮಗೆ ವಿಷವಾದ ಹಾಲು ಅದಕ್ಕೆ ಏನೂ ಮಾಡುವುದಿಲ್ಲ.

ಔಷಧಿ ಬೇಡ. ಇರುವುದು ಒಂದೋ ಎರಡೋ. ಹುಳು ಎಲೆಯ ಬಣ್ಣದ್ದೇ ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ನೆಲದ ಮೇಲೆ ಮೆಣಸಿನಕಾಳಿನ ಹಾಗೆ ಹಿಕ್ಕೆ ಬಿದ್ದಿರುತ್ತದೆ, ಅದರ ನೇರ ಮೇಲಕ್ಕೆ ನೋಡಿ. ಕಾಗದದ ಮೇಲೆ ಎತ್ತಿಕೊಂಡು ಬೇಲಿಯ ಕಣಗಿಲೆಗೆ ಬಿಡಿ. ಬೆಳೆದು ಮುಗಿದಾಗ ಬಣ್ಣ ಕಂದಾಗಿ ಕೆಳಗಿಳಿದು ಒಣ ಎಲೆಗಳ ಅಡಿಯಲ್ಲಿ ಗೂಡಾಗುತ್ತದೆ. ಅದರಿಂದ ಬರುವ ಪತಂಗವನ್ನು ಒಮ್ಮೆ ನೋಡಿದರೆ ಎರಡು ಕೊಂಬೆ ಹೋದದ್ದನ್ನು ಮರೆಯುತ್ತೀರಿ. ಸೈನಿಕರ ಬಟ್ಟೆಯ ಹಾಗೆ ಹಸಿರಲ್ಲಿ ಹಸಿರು, ನಡುವೆ ತಿಳಿ ಗುಲಾಬಿ. ಬೋಳಾದ ಕೊಂಬೆ ಗೋವಾದ ಮಳೆಗೆ ಮತ್ತೆ ಚಿಗುರುತ್ತದೆ. ಚಿಗುರಿದ್ದು ಹಸಿರಾ, ಬಿಳಿ ಅಂಚಿನದ್ದಾ, ಅದನ್ನು ಮಾತ್ರ ಗಮನಿಸಿ.

ನನ್ನ ಕೇಪಳದ ಎಲೆ ತಾನಾಗಿಯೇ ವೇರಿಗೇಟೆಡ್ ಆಗುತ್ತಿದೆ! ಹಳದಿ ಎಲೆಯಲ್ಲಿ ಹಸಿರು ಗೆರೆ, ನೋಡಲು ಚಂದ. ಕಡ್ಡಿ ಮಾಡಿ ಹಂಚಬಹುದಾ? — ಹಡಪ್ಸರ್, ಪುಣೆ

ಹಂಚಬೇಡಿ, ಅದು ಹಸಿವು. ಎಳೆ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣಾಂಶ ಸಿಗುತ್ತಿಲ್ಲ ಎಂದೇ ಲೆಕ್ಕ. ಪುಣೆಯ ಕಪ್ಪು ಮಣ್ಣಿನಲ್ಲಿ ಸುಣ್ಣ ಇರುತ್ತದೆ, ಸೊಸೈಟಿಗೆ ಬರುವ ಟ್ಯಾಂಕರ್‌ನ ಬೋರ್ ನೀರಿನಲ್ಲೂ ಇರುತ್ತದೆ. ಹೀಟರ್ ಕಾಯಿಲ್ ಮೇಲೆ ಕೂರುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದ ನಡುವೆ ಬೇರಿಗೆ ಎಟುಕುವುದಿಲ್ಲ. ಅದಕ್ಕೇ ಕಬ್ಬಿಣದ ಮೊಳೆ ಹೂತರೂ ಪ್ರಯೋಜನವಿಲ್ಲ. ಇಡಿಡಿಎಚ್‌ಎ ಅಂತ ಬರೆದಿರುವ ಕಬ್ಬಿಣದ ಪುಡಿ ಕೇಳಿ ತನ್ನಿ, ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುವುದು ಅದೇ. ಪೊಟ್ಟಣದ ಮೇಲಿನ ಅಳತೆಗಿಂತ ಒಂದು ಚಿಟಿಕೆಯೂ ಹೆಚ್ಚು ಬೇಡ. ಮಳೆ ನೀರು ಹಿಡಿದಿಟ್ಟು ಹಾಕಿದರೆ ಇನ್ನೂ ಒಳ್ಳೆಯದು.

ನಿಜವಾದ ಬಣ್ಣದೆಲೆಯಲ್ಲಿ ಬಿಳಿ ಅಥವಾ ಹಳದಿಯ ಗಡಿ ನರಗಳ ಲೆಕ್ಕ ಇಡುವುದಿಲ್ಲ, ತನಗೆ ಬೇಕಾದಲ್ಲಿ ಹರಿದಿರುತ್ತದೆ. ಹಳೆ ಎಲೆ, ಹೊಸ ಎಲೆ ಎರಡರಲ್ಲೂ ಇರುತ್ತದೆ.

ಬೀಜದಿಂದ ಬಿಳಿ ಅಂಚಿನ ನಂದಿಬಟ್ಟಲು ಬರುತ್ತದಾ? — ಪಿಂಪ್ರಿ

ಬೀಜವನ್ನು ನಂಬಬೇಡಿ, ಅಂಚು ಬರುವುದಿಲ್ಲ. ಕಡ್ಡಿಯೇ ದಾರಿ. ನನ್ನ ಏಳೆಲೆ ಕಡ್ಡಿಯನ್ನು ಉಳಿಸಿದ್ದು ಹಾಗೆಯೇ. ಜೂನ್ ಕೊನೆಯಲ್ಲಿ, ನಾಲ್ಕೈದು ಇಂಚು, ಪೆನ್ಸಿಲಿಗಿಂತ ಸಣ್ಣ, ತೀರಾ ಎಳೆಯದೂ ಅಲ್ಲ ಬಲಿತದ್ದೂ ಅಲ್ಲ. ಗಂಟಿನ ಕೆಳಗೆ ಕತ್ತರಿಸಿ, ತುದಿಯ ಒಂದೆರಡು ಜೋಡಿ ಎಲೆ ಬಿಟ್ಟು ಉಳಿದದ್ದು ತೆಗೆದೆ. ಹಾಲು ನಿಲ್ಲುವವರೆಗೆ ನೀರಲ್ಲಿ ಅದ್ದಿಟ್ಟು ಮರಳು ಮತ್ತು ತೆಂಗಿನ ನಾರಿನ ಪುಡಿಯಾದ ಕೊಕೊಪೀಟ್‌ನಲ್ಲಿ ನೆಟ್ಟು ಮೇಲೆ ಹಾಲಿನ ಪ್ಯಾಕೆಟ್ ಕವಚಿದೆ. ನೆರಳಲ್ಲಿಟ್ಟು ಮುಟ್ಟಲಿಲ್ಲ. ಮುಟ್ಟಲಿಲ್ಲ ಅಂದರೆ ಸುಳ್ಳು, ಮೂರನೇ ವಾರ ಬೇರು ಬಂತಾ ಅಂತ ಎಳೆದು ನೋಡಿ ಒಂದನ್ನು ಕೊಂದೆ. ಎರಡು ಕಡ್ಡಿ ಮಾಡಿದ್ದೆ, ಇನ್ನೊಂದು ಆಗಸ್ಟ್‌ನಲ್ಲಿ ಹೊಸ ಎಲೆ ಬಿಟ್ಟಿತು.

ಅದೇ ಗಿಡ ಈಗ ನನ್ನ ಎದೆಯೆತ್ತರ. ಬುಡದಲ್ಲಿ ನಿನ್ನೆ ಮತ್ತೆ ಒಂದು ಹಸಿರು ಚಿಗುರು ಕಂಡಿತು. ಇದನ್ನು ಬರೆದು ಮುಗಿಸಿ ಅಲ್ಲಿಗೇ ಹೋಗುತ್ತಿದ್ದೇನೆ.